ಮತ ಕೇಳುವವರೂ ಮೇಷ್ಟ್ರಿಲ್ಲದ ಶಾಲೆಯೂ

ಅಂಜನಾಪುರದ ಹೊಸ ಮತದಾರರಿಗೆ,

ಶಿಕ್ಷಣದ ಬಗ್ಗೆ ಅಭ್ಯರ್ಥಿಗೆ ಎಷ್ಟು ಕಾಳಜಿಯಿದೆ ಎಂಬುದು ಶಿಕ್ಷಕರ ಹುದ್ದೆಯ ವಿಚಾರದಲ್ಲಿ ಗೊತ್ತಾಗುತ್ತದೆ. ಕೊಠಡಿ, ಕಾಂಪೌಂಡು, ರಂಗಮಂದಿರಗಳನ್ನು ಶಾಸಕರಿಗೆ ವರ್ಷಕ್ಕೆ ಸಿಗುವ 2 ಕೋಟಿ ರೂಪಾಯಿಯ ಪ್ರದೇಶಾಭಿವೃದ್ಧಿ ನಿಧಿಯಿಂದಲೇ ಕಟ್ಟಿಸಬಹುದು. ಉದ್ಘಾಟನೆಯ ಕಲ್ಲಿನಲ್ಲಿ ಹೆಸರೂ ಉಳಿಯುತ್ತದೆ. ಕಾಯಂ ಶಿಕ್ಷಕರ ನೇಮಕಕ್ಕೆ ಆ ಹಣ ಬರುವುದಿಲ್ಲ. ಅದಕ್ಕೆ ಹಣಕಾಸು ಇಲಾಖೆಯ ಒಪ್ಪಿಗೆ ಬೇಕು, ಸದನದಲ್ಲಿ ಪಟ್ಟು ಹಿಡಿಯಬೇಕು, ಕಡತದ ಹಿಂದೆ ವರ್ಷಗಟ್ಟಲೆ ಓಡಾಡಬೇಕು.

ಸೊರಬ–ಶಿಕಾರಿಪುರದ ಈ ಸೀಮೆಗೆ ಅಧಿಕಾರ ಹೊಸದಲ್ಲ. ಸೊರಬದಿಂದ 1967ರಲ್ಲಿ ಮೊದಲು ಗೆದ್ದ ಎಸ್. ಬಂಗಾರಪ್ಪ, ಶಿಕಾರಿಪುರದಿಂದ 1983ರಲ್ಲಿ ಮೊದಲು ಗೆದ್ದ ಬಿ.ಎಸ್. ಯಡಿಯೂರಪ್ಪ, ಇಬ್ಬರೂ ಮುಖ್ಯಮಂತ್ರಿಗಳಾದರು. 2023ರ ಮೇ ತಿಂಗಳಲ್ಲಿ ಶಾಲಾ ಶಿಕ್ಷಣ ಖಾತೆಯೂ ಸೊರಬದ ಶಾಸಕ ಮಧು ಬಂಗಾರಪ್ಪ ಅವರಿಗೆ ಸಿಕ್ಕಿತು. ಯಡಿಯೂರಪ್ಪ ಉಪಮುಖ್ಯಮಂತ್ರಿಯಾಗಿ ಹಣಕಾಸು ಖಾತೆ ಹೊಂದಿದ್ದಾಗ, 2006–07ರಲ್ಲಿ, ಎಂಟನೇ ತರಗತಿಯ ಹೆಣ್ಣುಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ಬಂತು. ಏಳನೇ ತರಗತಿಗೇ ಊರಿನ ಶಾಲೆ ಮುಗಿದು ಹೈಸ್ಕೂಲು ದೂರವಿದ್ದ ಹಳ್ಳಿಗಳಿಗೆ ಅದರ ಬೆಲೆ ಗೊತ್ತು. ಕೋವಿಡ್ ಕಾಲದಲ್ಲಿ ಅದರ ವಿತರಣೆ ನಿಂತಿತು. ಇಂಥ ಯೋಜನೆಯನ್ನು ತಂದವರ ಹೆಸರು ಎಲ್ಲರಿಗೂ ಗೊತ್ತಿರುತ್ತದೆ. ನಿಂತಾಗ ಯಾಕೆ ನಿಂತಿತೆಂದು ಯಾವ ಪಕ್ಷದವರು ಕೇಳಿದರು ಎಂಬುದನ್ನೂ ಮತದಾರ ತಿಳಿದಿರಬೇಕು.

ಮಲೆನಾಡಿನಲ್ಲೇ ಇನ್ನೊಂದು ಮಾದರಿಯಿದೆ. ಶೃಂಗೇರಿ ಕ್ಷೇತ್ರದ ಎಚ್.ಜಿ. ಗೋವಿಂದೇಗೌಡರು 1990ರ ದಶಕದಲ್ಲಿ ಶಿಕ್ಷಣ ಸಚಿವರಾಗಿ, ಲಂಚ–ವಶೀಲಿಗಳಿಗೆ ಎಡೆಗೊಡದೆ ಸಾವಿರಾರು ಶಿಕ್ಷಕರನ್ನು ಅರ್ಹತೆಯ ಮೇಲೆ ನೇಮಿಸಿದರು. ಕಟ್ಟಡಕ್ಕಿಂತ ದೊಡ್ಡ ಕೆಲಸ ಅದು.

ಊರಿನ ಶಾಲೆಯ ಶಿಕ್ಷಕರ ಕೊರತೆಯ ಲೆಕ್ಕ ಗುಟ್ಟಿನದಲ್ಲ. ಮಂಜೂರಾದ ಹುದ್ದೆ ಎಷ್ಟು, ಭರ್ತಿ ಎಷ್ಟು, ಖಾಲಿ ಎಷ್ಟು ಎಂದು ಮುಖ್ಯ ಶಿಕ್ಷಕರನ್ನು ಕೇಳಿದರೆ ಸಾಕು. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 60 ಮಕ್ಕಳವರೆಗಿನ ಕಿರಿಯ ಪ್ರಾಥಮಿಕ ಶಾಲೆಗೆ ಇಬ್ಬರು ಶಿಕ್ಷಕರು. ಒಬ್ಬರು ತಾಲ್ಲೂಕಿನ ಸಭೆಗೆ ಹೋದ ದಿನ ಇನ್ನೊಬ್ಬರು ಐದೂ ತರಗತಿಗಳನ್ನು ಒಂದೇ ಕೋಣೆಯಲ್ಲಿ ಕೂರಿಸಿಕೊಂಡು, ಒಂದನೆಯವರಿಗೆ ಅಕ್ಷರ ತಿದ್ದಿಸುತ್ತಲೇ ಐದನೆಯವರಿಗೆ ಲೆಕ್ಕ ಹೇಳಬೇಕು. ಖಾಲಿ ಹುದ್ದೆಗೆ ಬರುವ ಅತಿಥಿ ಶಿಕ್ಷಕರ ಕೆಲಸ ವರ್ಷವರ್ಷವೂ ಹೊಸ ಆದೇಶಕ್ಕೆ ಕಾಯುತ್ತದೆ. ಮತದಾರರ ಪಟ್ಟಿಗೆ ಹೆಸರು ಸೇರಿಸಲು ಮನೆಗೆ ಬರುವವರೂ ಎಷ್ಟೋ ಊರುಗಳಲ್ಲಿ ಇದೇ ಮೇಷ್ಟ್ರು. ಚುನಾವಣೆ ಕೆಲಸಕ್ಕೆ ಶಿಕ್ಷಕರನ್ನು ಬಳಸಲು ಶಿಕ್ಷಣ ಹಕ್ಕು ಕಾಯ್ದೆಯ 27ನೇ ಕಲಮು ಅವಕಾಶ ಕೊಟ್ಟಿದೆ. ಆ ದಿನಗಳ ಪಾಠದ ಗತಿಯೇನು ಎಂಬುದು ಅಭ್ಯರ್ಥಿಗೆ ಹಾಕಲೇಬೇಕಾದ ಪ್ರಶ್ನೆ.

ಹಾಲಿ ಶಾಸಕರೇ ಮತ ಕೇಳಿ ಬಂದರೆ ಪರೀಕ್ಷೆ ಇನ್ನೂ ಸುಲಭ. ಸರ್ಕಾರಿ ಪದವಿಪೂರ್ವ ಕಾಲೇಜಿನ ಅಭಿವೃದ್ಧಿ ಸಮಿತಿಗೆ ಕ್ಷೇತ್ರದ ಶಾಸಕರೇ ಅಧ್ಯಕ್ಷರು; ಐದು ವರ್ಷದಲ್ಲಿ ಎಷ್ಟು ಸಭೆ ನಡೆದವೆಂದು ನಡಾವಳಿ ಪುಸ್ತಕ ಹೇಳುತ್ತದೆ. ಸದನದಲ್ಲಿ ಶಾಲೆಗಳ ಬಗ್ಗೆ ಅವರು ಕೇಳಿದ ಪ್ರಶ್ನೆಗಳು ವಿಧಾನಸಭೆಯ ದಾಖಲೆಯಲ್ಲಿ ಸಿಗುತ್ತವೆ. ನಾಮಪತ್ರದ ಪ್ರಮಾಣಪತ್ರದಲ್ಲಿ ವಿದ್ಯಾರ್ಹತೆಯೂ ಇರುತ್ತದೆ, ಆದರೆ ಸ್ವಂತ ಪದವಿ ಬೇರೆ, ಊರ ಮಕ್ಕಳ ಓದಿನ ಕಾಳಜಿ ಬೇರೆ.

ಹೊಸ ಅಭ್ಯರ್ಥಿಗೆ ಇಂಥ ದಾಖಲೆ ಇರುವುದಿಲ್ಲ. ಅವರೊಡನೆ ನೀತಿಯ ಮಾತಾಡಬೇಕು. ಸುಖದೇವ್ ಥೋರಟ್ ನೇತೃತ್ವದ ರಾಜ್ಯ ಶಿಕ್ಷಣ ನೀತಿ ಆಯೋಗ 2025ರ ಆಗಸ್ಟ್‌ನಲ್ಲಿ ವರದಿ ಕೊಟ್ಟಿದೆ; ಐದನೇ ತರಗತಿಯವರೆಗೆ ಕನ್ನಡ ಅಥವಾ ಮಾತೃಭಾಷೆಯಲ್ಲಿ ಕಲಿಸಬೇಕೆಂಬುದು ಅದರ ಶಿಫಾರಸುಗಳಲ್ಲೊಂದು. ಒಪ್ಪುವುದೋ ವಿರೋಧಿಸುವುದೋ ಅವರ ಇಷ್ಟ. ಕಾರಣ ಹೇಳುವಷ್ಟಾದರೂ ಅವರು ಅದನ್ನು ಓದಿರಬೇಕು.

ಇತಿ,
ಊರಿನ ಹಿರಿಯ ಮತದಾರ