ಕರೆಂಟು ಹೋಗುವ ಮೊದಲೇ

ಚನ್ನಪಟ್ಟಣದ ಪಕ್ಕದ ಊರು ದೊಡ್ಡಮಳೂರು. ಭರಣಿ ಮಳೆಯ ಕಾಲ. ಸಂಜೆ ಜೋರು ಗಾಳಿ ಎದ್ದಿತು. ತೆಂಗಿನ ಗರಿಗಳು ಬಿದ್ದವು. ಅಪ್ರಮೇಯಸ್ವಾಮಿ ಗುಡಿಯ ಬೀದಿಯಲ್ಲಿ ದೀಪ ಆರಿತು. ಮನೆಯೊಳಗೂ ಕತ್ತಲೆ.

"ಅಯ್ಯೋ, ಕರೆಂಟು ಹೋಯ್ತು! ಬೆಂಕಿಪೊಟ್ಟಣ ಎಲ್ಲೈತೆ?" ಅತ್ತೆ ಕೂಗಿದರು.

ಸೊಸೆ ತಡಕಾಡಿದಳು. ಕಾಲು ತಗುಲಿ ಬಿಂದಿಗೆ ಉರುಳಿತು. ಕುಡಿಯುವ ನೀರೆಲ್ಲ ಚೆಲ್ಲಿತು. ಕರೆಂಟಿಲ್ಲದೆ ಬೋರ್‌ವೆಲ್ ಮೋಟಾರು ಓಡುವುದಿಲ್ಲ. ಇನ್ನು ನೀರು ಎಲ್ಲಿಂದ ತರುವುದು?

ಆ ಮನೆಯಲ್ಲಿ ರೇಷ್ಮೆಹುಳು ಸಾಕಿದ್ದರು. ಸಾಲ ಮಾಡಿ ಮೊಟ್ಟೆ ತಂದಿದ್ದರು. ಹುಳುಗಳು ನಾಲ್ಕನೇ ಜ್ವರ ಎದ್ದು ಸೊಪ್ಪು ತಿನ್ನುತ್ತಿದ್ದವು. ಗೂಡು ಚೆನ್ನಾಗಿ ಬಂದರೆ ಸಾಲ ತೀರುತ್ತೆ.

ಫ್ಯಾನು ನಿಂತಿತು. ಸೊಳ್ಳೆ ಮುತ್ತಿದವು. ಮಗು ಅಳತೊಡಗಿತು.

"ಸೊಳ್ಳೆಬತ್ತಿ ಹಚ್ಚವ್ವ" ಅಂದರು ಅತ್ತೆ.

"ಬೇಡಿ ಅತ್ತೆ. ಆ ಹೊಗೆ ಹುಳಕ್ಕೆ ವಿಷ. ಮಗೂನ ಸೊಳ್ಳೆ ಪರದೆ ಒಳಗೆ ಮಲಗಿಸ್ತೀನಿ."

ಹುಳುಗಳು ಉಳಿದವು. ಬೆಳಿಗ್ಗೆ ಅತ್ತೆ ಹೇಳಿದರು: "ಕತ್ತಲಾದ ಮೇಲೆ ಹುಡುಕಬಾರದು ಕಣವ್ವ. ಬೆಳಕಿರುವಾಗಲೇ ಎಲ್ಲಾ ಜೋಡಿಸಿ ಇಟ್ಕೋಬೇಕು."

ಅತ್ತೆ ಸೊಸೆ ಏನೇನು ಮಾಡಿದರು? ನೋಡೋಣ.

1. ಬಾಗಿಲ ಪಕ್ಕ ಮೊಳೆಗೆ ಟಾರ್ಚು ತೂಗುಹಾಕಿದರು. ಅದನ್ನು ಬೇರೆಲ್ಲೂ ಇಡುವುದಿಲ್ಲ. ಕತ್ತಲಲ್ಲೂ ಕೈಗೆ ಸಿಗುತ್ತೆ.

2. ಮೋಡ ಕಂಡ ಕೂಡಲೇ ಎರಡು ಬಿಂದಿಗೆ ನೀರು ತುಂಬಿ, ಮುಚ್ಚಿ, ಮೂಲೆಯಲ್ಲಿ ಇಡುತ್ತಾರೆ. ಮೊಬೈಲು ಚಾರ್ಜು ಮಾಡುತ್ತಾರೆ.

3. ಹುಳುವಿನ ಮನೆಯ ಕಿಟಕಿ ತೆರೆದು ಗಾಳಿ ಬಿಡುತ್ತಾರೆ. ಊಜಿ ನೊಣದ ಬಲೆಯನ್ನು ಮಾತ್ರ ತೆಗೆಯುವುದಿಲ್ಲ.

4. ಸೊಸೆ ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆದಳು: 1912. ಇದು ಬೆಸ್ಕಾಂ ದೂರಿನ ನಂಬರು. ಹಗಲು ರಾತ್ರಿ ಯಾವಾಗ ಬೇಕಾದರೂ ಫೋನು ಮಾಡಬಹುದು. ಅದರ ಕೆಳಗೆ ಕರೆಂಟು ಬಿಲ್ಲು ನೋಡಿ ಆರ್.ಆರ್. ನಂಬರು ಬರೆದಳು. ಅತ್ತೆ ಒಂದೊಂದೇ ಅಂಕಿಗೆ ಬೆರಳಿಟ್ಟು ಓದಿದರು.

ಕರೆಂಟು ಯಾಕೆ ಹೋಗುತ್ತದೆ?

ಕರೆಂಟು ದೂರದಿಂದ ತಂತಿಯ ಮೇಲೆ ಬರುತ್ತದೆ. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿ ನೀರಿನಿಂದ ಕರೆಂಟು ತಯಾರಿಸಿದರು. ಅದನ್ನು ಕೋಲಾರದ ಚಿನ್ನದ ಗಣಿಗೆ ತಂತಿಯಲ್ಲೇ ಕಳಿಸಿದರು. 1905ರಲ್ಲಿ ಬೆಂಗಳೂರಿನ ಬೀದಿಗೂ ಆ ಬೆಳಕು ಬಂತು. ಇಷ್ಟು ಉದ್ದದ ದಾರಿಯಲ್ಲಿ ಎಲ್ಲೋ ಒಂದು ಕಡೆ ಕೊಂಬೆ ಬಿದ್ದರೂ ಸಾಕು, ನಮ್ಮ ಮನೆ ಕತ್ತಲಾಗುತ್ತದೆ.

ಕತ್ತಲೆಯಿಂದ ಯಾರೂ ಸಾಯುವುದಿಲ್ಲ. ಅವಸರದಿಂದ ಸಾಯುತ್ತಾರೆ. ಆದ್ದರಿಂದ ಇವನ್ನು ಮರೆಯಬೇಡಿ:

ಹರಿದು ಬಿದ್ದ ತಂತಿ ಮುಟ್ಟಬೇಡಿ. ಕರೆಂಟು ಹೋಗಿದೆ ಅಂತ ನಂಬಬೇಡಿ. 40 ಅಡಿ ದೂರ ನಿಲ್ಲಿ. ಮಕ್ಕಳನ್ನೂ ದನಗಳನ್ನೂ ಹತ್ತಿರ ಬಿಡಬೇಡಿ. 1912ಕ್ಕೆ ಫೋನು ಮಾಡಿ. ನೀವೇ ಕಂಬ ಹತ್ತಬೇಡಿ.

ಉರಿಯುವ ಬುಡ್ಡಿಗೆ ಎಣ್ಣೆ ಹಾಕಬೇಡಿ. ಆರಿಸಿ, ತಣ್ಣಗಾದ ಮೇಲೆ ಹಾಕಿ. ಮೇಣದಬತ್ತಿಯನ್ನು ಚಂದ್ರಂಕಿ, ಪರದೆ, ಹಾಸಿಗೆಯ ಹತ್ತಿರ ಇಡಬೇಡಿ.

ಕರೆಂಟು ಹೋದ ಕೂಡಲೇ ಮೋಟಾರು, ಮಿಕ್ಸಿ, ಇಸ್ತ್ರಿಪೆಟ್ಟಿಗೆಯ ಸ್ವಿಚ್ಚು ಆರಿಸಿ. ಚನ್ನಪಟ್ಟಣದ ಬೊಂಬೆ ಮಾಡುವವರು ಲೇತ್ ಯಂತ್ರದ ಸ್ವಿಚ್ಚನ್ನೂ ಆರಿಸಬೇಕು. ಕರೆಂಟು ಹೇಳಿ ಬರುವುದಿಲ್ಲ. ಯಂತ್ರ ತಟ್ಟನೆ ತಿರುಗಿದರೆ ಕೈ ಸಿಕ್ಕಿಕೊಳ್ಳುತ್ತದೆ. ಒಂದು ದೀಪದ ಸ್ವಿಚ್ಚು ಮಾತ್ರ ಹಾಕಿರಲಿ. ಕರೆಂಟು ಬಂದದ್ದು ಅದರಿಂದಲೇ ತಿಳಿಯುತ್ತದೆ.

ಹೇಳಿ ನೋಡೋಣ

ಸೊಸೆ ಸೊಳ್ಳೆಬತ್ತಿ ಯಾಕೆ ಹಚ್ಚಲಿಲ್ಲ?
ಬುಡ್ಡಿಗೆ ಎಣ್ಣೆ ಯಾವಾಗ ಹಾಕಬೇಕು?

ಮಾಡಿ ನೋಡಿ

ನಿಮ್ಮ ಕರೆಂಟು ಬಿಲ್ಲು ತೆಗೆಯಿರಿ. ಆರ್.ಆರ್. ನಂಬರು ಹುಡುಕಿ ಓದಿ. ಅದನ್ನೂ 1912 ಅನ್ನೂ ಇವತ್ತೇ ಗೋಡೆಯ ಮೇಲೆ ಬರೆಯಿರಿ. ಆಮೇಲೆ ಕಣ್ಣು ಮುಚ್ಚಿಕೊಂಡು ಟಾರ್ಚು ತೆಗೆದುಕೊಳ್ಳಿ. ಸಿಕ್ಕಿತೇ?