ಅಪರಿಚಿತ ಕೊಂಬುಮೀಸೆ ದುಂಬಿಯನ್ನು ಗುರುತಿಸುವ ಬಗೆ

ಮುಂಗಾರಿನ ಮೊದಲ ಮಳೆಗಳಾದ ಮೇಲೆ ಮಾವಿನ ತೋಪುಗಳ ಸಮೀಪದ ದೀಪಗಳಿಗೆ ಹೆಬ್ಬೆರಳಿನಷ್ಟು ದೊಡ್ಡದಾದ ಬೂದುಬಣ್ಣದ ದುಂಬಿಯೊಂದು ಬಂದು ಬೀಳುವುದುಂಟು. ವಿದ್ಯಾರ್ಥಿಯು ಅದನ್ನು ಡಬ್ಬಿಯಲ್ಲಿಟ್ಟು ಶಾಲೆಗೆ ತಂದರೆ ಅವನಿಗೆ ಬೇಕಾದುದು ಅದರ ಹೆಸರು. ರೈತನೇ ತಂದರೆ ಅವನು ಕೇಳುವುದು ತನ್ನ ಮರ ಉಳಿದೀತೇ ಎಂಬುದನ್ನು. ಎರಡು ಪ್ರಶ್ನೆಗಳಿಗೂ ಉತ್ತರ ದೊರೆಯಬೇಕಾದುದು ಆ ಕೀಟದ ಅಂಗರಚನೆಯಿಂದಲೇ.

ಮೀಸೆ ದೇಹಕ್ಕಿಂತ ಉದ್ದವಾಗಿದ್ದರೆ ಅದು ಸೆರಾಂಬಿಸಿಡೀ ಕುಟುಂಬದ್ದೆಂದು ಊಹಿಸುವುದು ಸಹಜ. ಆದರೆ ಉದ್ದವೊಂದನ್ನೇ ನಂಬಲಾಗದು. ಕೊಡಗು, ಚಿಕ್ಕಮಗಳೂರು, ಹಾಸನಗಳ ಅರೇಬಿಕಾ ಕಾಫಿಯನ್ನು ಕಾಡುವ ಬಿಳಿ ಕಾಂಡಕೊರಕವೂ ಇದೇ ಕುಟುಂಬದ್ದು. ಝೈಲೋಟ್ರೆಕಸ್ ಕ್ವಾಡ್ರಿಪೆಸ್ ಎಂಬ ಈ ದುಂಬಿಯ ಮೀಸೆ ಗಿಡ್ಡ. ಮೈಮೇಲಿನ ಪಟ್ಟೆಗಳನ್ನು ಕಂಡರೆ ಕಣಜವೆಂದೇ ಭ್ರಮೆಯಾಗುತ್ತದೆ. ಗಿಡ್ಡ ಮೀಸೆಯದೆಂದು ಅದನ್ನು ಕಡೆಗಣಿಸಿದವನ ತೋಟದಲ್ಲಿ ಮರಿಹುಳುಗಳು ಕಾಂಡದೊಳಗೆ ಸುರಂಗ ಕೊರೆಯುತ್ತಲೇ ಇರುತ್ತವೆ.

ಆದುದರಿಂದ ಭೂತಗನ್ನಡಿ ಹಿಡಿದು ಮೊದಲು ಕಣ್ಣನ್ನು ನೋಡಬೇಕು. ಈ ಕುಟುಂಬದ ಬಹುಪಾಲು ದುಂಬಿಗಳಲ್ಲಿ ಕಣ್ಣು ಮೂತ್ರಪಿಂಡದ ಆಕಾರದಲ್ಲಿದ್ದು, ಮೀಸೆಯ ಬುಡವನ್ನು ಬಳಸಿಕೊಂಡಿರುತ್ತದೆ. ಅನಂತರ ಪಾದ. ಅದರಲ್ಲಿ ನಾಲ್ಕೇ ಖಂಡಗಳಿವೆಯೆಂದು ತೋರುತ್ತದೆ, ವಾಸ್ತವದಲ್ಲಿ ಐದಿವೆ. ನಾಲ್ಕನೆಯದು ಅತಿ ಕಿರಿದಾಗಿ, ಇಬ್ಭಾಗವಾದ ಮೂರನೆಯದರ ನಡುವೆ ಅಡಗಿರುತ್ತದೆ. ಎಲೆ ತಿನ್ನುವ ದುಂಬಿಗಳ ಪಾದವೂ ಹೀಗೆಯೇ ಇರುವುದರಿಂದ ಪಾದದ ಸಾಕ್ಷ್ಯಕ್ಕೆ ಕಣ್ಣಿನ ಸಾಕ್ಷ್ಯವೂ ಸೇರಬೇಕು.

ನಮ್ಮ ಬೂದು ದುಂಬಿಯ ಮುಖ ನೇರ ಕೆಳಕ್ಕೆ ಇಳಿದಿದೆ. ಬಾಯ ಬಳಿಯ ಸ್ಪರ್ಶಾಂಗದ ಕೊನೆಯ ಖಂಡ ಚೂಪಾಗಿದೆ. ಇವು ಲೇಮಿಯಿನೀ ಉಪಕುಟುಂಬದ ಗುರುತುಗಳು. ಮುನ್ನೆದೆಯ ಎರಡು ಪಕ್ಕಗಳಲ್ಲಿ ಒಂದೊಂದು ಮುಳ್ಳು, ಬೆನ್ನಿನ ಮೇಲೆ ಎರಡು ಮಚ್ಚೆ, ಗಡಸು ರೆಕ್ಕೆಗಳ ಬುಡದಲ್ಲಿ ಹೊಳೆಯುವ ಕಪ್ಪು ಕಾಳುಗಳಂತಹ ಉಬ್ಬುಗಳು: ಇಷ್ಟು ಕಂಡರೆ ಬಟೋಸೆರಾ ಕುಲದ ಹತ್ತಿರ ಬಂದಂತಾಯಿತು. ಮಾವಿನ ಕಾಂಡಕೊರಕವೆಂದು ಪ್ರಸಿದ್ಧವಾದ ಬಟೋಸೆರಾ ರೂಫೋಮ್ಯಾಕ್ಯುಲೇಟಾ ಈ ಕುಲದ್ದೇ. ಸ್ವೀಡನ್ನಿನ ಡಿ ಗೇರ್ ಅದನ್ನು 1775ರಲ್ಲಿ ವರ್ಣಿಸಿದನು. ಹೆಸರಿನ ಅರ್ಥ ಕೆಂಪುಮಚ್ಚೆಯದು ಎಂದು. ಆದರೆ ಪೆಟ್ಟಿಗೆಯಲ್ಲಿ ಒಣಗಿದ ಮಾದರಿಯಲ್ಲಿ ಬಣ್ಣ ಮಾಸುತ್ತದೆ. ಅದರ ಬಂಧುವಾದ ಬಟೋಸೆರಾ ರೂಬಸ್‌ನ ಮುನ್ನೆದೆಯಲ್ಲಿಯೂ ಎರಡು ಮಚ್ಚೆಗಳುಂಟು. ಮಚ್ಚೆಯನ್ನೊಂದೇ ನೋಡಿ ಹೆಸರು ಬರೆಯುವ ಆತುರ ಸಲ್ಲದು. ರೆಕ್ಕೆಗಳ ಗುರುತುಗಳನ್ನೂ ಹೋಲಿಸಿ, ಸಂದೇಹ ಉಳಿದರೆ ಕುಲದ ಹೆಸರಿಗೇ ನಿಲ್ಲುವುದು ಲೇಸು.

ರೈತನಿಗಾದರೋ ಕುಲದ ಹೆಸರೇ ಸಾಕು. ಅವನು ಕಾಂಡದಲ್ಲಿ ರಂಧ್ರಗಳನ್ನೂ ಹೊರಬೀಳುವ ಮರದ ಪುಡಿಯನ್ನೂ ಅಂದೇ ಹುಡುಕಬೇಕು, ಏಕೆಂದರೆ ಹಾನಿಯ ಬಹುಭಾಗ ತೊಗಟೆಯ ಒಳಗಿನ ಮರಿಹುಳುವಿನದು.

ಶಾಲೆಯ ಪೆಟ್ಟಿಗೆಗೆ ಸೇರುವ ಮಾದರಿಯ ಸೂಜಿಗೆ ಒಂದು ಚೀಟಿ ಇರಲಿ. ದೊರೆತ ಊರು, ದಿನಾಂಕ, ಯಾವ ಮರ, ತಂದವರು ಯಾರು ಎಂಬುದನ್ನು ಮಸಿಯಲ್ಲಿ ಬರೆದಿಡಬೇಕು. ಹೆಸರನ್ನು ಬೇರೊಂದು ಚೀಟಿಯಲ್ಲಿ ಬರೆದು ಅದರ ಕೆಳಗೆ ಸೇರಿಸಬಹುದು. ಮುಂದೆ ಬಲ್ಲವರು ಬಂದಾಗ ಅದನ್ನು ಬದಲಿಸಲು ಅನುಕೂಲ.