ವರದಿಗಳೆಲ್ಲ ನಾರ್ಮಲ್, ಸುಸ್ತು ಮಾತ್ರ ಬಿಟ್ಟಿಲ್ಲ

ಆರೋಗ್ಯ ಪ್ರಶ್ನೋತ್ತರ

ಪ್ರಶ್ನೆ: ತಾಲ್ಲೂಕು ಕೇಂದ್ರವೊಂದರ ಬ್ಯಾಂಕ್ ಶಾಖೆಯಲ್ಲಿ ವ್ಯವಸ್ಥಾಪಕರಾಗಿರುವ 41 ವರ್ಷದ ಮಹಿಳೆಯೊಬ್ಬರಿಗೆ ಎಂಟು ತಿಂಗಳಿಂದ ಸುಸ್ತು ಬಿಟ್ಟಿಲ್ಲ. ರಾತ್ರಿ ಏಳು ಗಂಟೆ ಮಲಗಿದರೂ ಬೆಳಿಗ್ಗೆ ಮೈ ಭಾರವಾಗಿರುತ್ತದೆ, ಭಾನುವಾರ ಸಂಜೆಯಾಗುತ್ತಲೇ ಎದೆ ಡವಗುಟ್ಟುತ್ತದೆ. ಸಾಲ ವಸೂಲಿ, ವಿಮೆ ಮಾರಾಟದ ಟಾರ್ಗೆಟ್, ಆಡಿಟ್, ರಾತ್ರಿ ಎಂಟಕ್ಕೆ ವಲಯ ಕಚೇರಿಯ ವಿಡಿಯೊ ಕಾನ್ಫರೆನ್ಸ್ ಇವುಗಳ ನಡುವೆ ಊಟದ ಹೊತ್ತು ತಪ್ಪಿ, ಎರಡು ವರ್ಷದಿಂದ ದಿನವೂ ಗ್ಯಾಸ್ ಮಾತ್ರೆ ಸೇವಿಸುತ್ತಿದ್ದಾರೆ. ಸಸ್ಯಾಹಾರಿ. ಥೈರಾಯ್ಡ್ ಮತ್ತು ಸಕ್ಕರೆ ನಾರ್ಮಲ್, ಹಿಮೋಗ್ಲೋಬಿನ್ 11.8. ಕಾಯಿಲೆಯೇನೂ ಇಲ್ಲ, ಟೆನ್ಷನ್ ಕಡಿಮೆ ಮಾಡಿಕೊಳ್ಳಬೇಕು ಎಂಬ ಸಲಹೆ ಸಿಕ್ಕಿದೆ. ಇದು ಕೆಲಸದ ಒತ್ತಡವೇ, ಕಾಯಿಲೆಯೇ? ಕೆಲಸ ಬಿಡುವುದೇ ದಾರಿಯೇ?

ಉತ್ತರ: ಒತ್ತಡವೋ ಕಾಯಿಲೆಯೋ ಎಂದು ಎರಡರಲ್ಲೊಂದನ್ನು ಆರಿಸಿಕೊಳ್ಳಬೇಕೆಂಬ ಅನಿಸಿಕೆ ಸಹಜವಾದರೂ, ದೀರ್ಘಕಾಲದ ಸುಸ್ತಿನಲ್ಲಿ ಇವೆರಡೂ ಒಬ್ಬರಲ್ಲೇ ಸೇರಿಕೊಂಡಿರುವುದು ಸಾಮಾನ್ಯ; ಒಂದಕ್ಕೆ ಮಾತ್ರ ಚಿಕಿತ್ಸೆ ನಡೆದರೆ ಇನ್ನೊಂದು ಹಾಗೆಯೇ ಉಳಿದು, ಮಾತ್ರೆಯಿಂದಲೂ ಪ್ರಯೋಜನವಿಲ್ಲ, ರಜೆಯಿಂದಲೂ ಪ್ರಯೋಜನವಿಲ್ಲ ಎಂಬ ನಿರಾಶೆಗೆ ಕಾರಣವಾಗುತ್ತದೆ. ಮೇಲಿನ ವಿವರಗಳಲ್ಲಿ ಮೊದಲು ಕಣ್ಣಿಗೆ ಬೀಳುವುದು 11.8 ಎಂಬ ಅಂಕಿ. ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡದಂತೆ ಗರ್ಭಿಣಿಯಲ್ಲದ ವಯಸ್ಕ ಮಹಿಳೆಯಲ್ಲಿ ಪ್ರತಿ ಡೆಸಿಲೀಟರ್ ರಕ್ತಕ್ಕೆ 12 ಗ್ರಾಂಗಿಂತ ಕಡಿಮೆ ಹಿಮೋಗ್ಲೋಬಿನ್ ಇದ್ದರೆ ಅದು ರಕ್ತಹೀನತೆಯೇ. ಆದರೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ 15ರಿಂದ 49 ವರ್ಷದ ಭಾರತೀಯ ಮಹಿಳೆಯರಲ್ಲಿ ಶೇ 57ರಷ್ಟು ಮಂದಿ, ಕರ್ನಾಟಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ರಕ್ತಹೀನರಾಗಿರುವ ನಾಡಿನಲ್ಲಿ, ಇಂಥ ಅಂಕಿಯನ್ನು 'ಸ್ವಲ್ಪ ಕಡಿಮೆ, ಪರವಾಗಿಲ್ಲ' ಎಂದು ದಾಟಿಬಿಡುವ ರೂಢಿ ಬೆಳೆದಿದೆ. ಎಲ್ಲರಲ್ಲೂ ಇದೆ ಎಂಬ ಕಾರಣಕ್ಕೆ ಯಾವ ಕೊರತೆಯೂ ಆರೋಗ್ಯವೆನಿಸಿಕೊಳ್ಳುವುದಿಲ್ಲ.

ಇಲ್ಲಿ ಮುಂದಿನ ಪರೀಕ್ಷೆ ಫೆರಿಟಿನ್, ಅಂದರೆ ದೇಹವು ಕಬ್ಬಿಣದ ಅಂಶವನ್ನು ದಾಸ್ತಾನು ಮಾಡಿಟ್ಟುಕೊಳ್ಳುವ ಪ್ರೋಟೀನಿನ ಅಳತೆ. ಇದು 15ಕ್ಕಿಂತ ಕೆಳಗಿದ್ದರೆ ಕಬ್ಬಿಣದ ಕೊರತೆ ಖಚಿತವೆಂದೂ, ಸುಸ್ತಿನ ಲಕ್ಷಣವಿರುವವರಲ್ಲಿ 30ಕ್ಕಿಂತ ಕೆಳಗಿದ್ದರೂ ಚಿಕಿತ್ಸೆ ಸೂಕ್ತವೆಂದೂ ಬಹಳಷ್ಟು ವೈದ್ಯರು ಪರಿಗಣಿಸುತ್ತಾರೆ. ಹಿಮೋಗ್ಲೋಬಿನ್ ಇನ್ನೂ ಇಳಿಯದಿರುವಾಗಲೇ ದಾಸ್ತಾನು ಖಾಲಿಯಾಗಿ ಸುಸ್ತು ಆರಂಭವಾಗಬಹುದೆಂಬುದೂ, ಜ್ವರ ಅಥವಾ ಉರಿಯೂತ ಇರುವಾಗ ಫೆರಿಟಿನ್ ತಾನಾಗಿ ಏರಿ ಕೊರತೆಯನ್ನು ಮರೆಮಾಚುತ್ತದೆ ಎಂಬುದೂ ನೆನಪಿನಲ್ಲಿರಬೇಕಾದ ಸಂಗತಿಗಳು. ನಲವತ್ತರ ಆಸುಪಾಸಿನಲ್ಲಿ ಮುಟ್ಟಿನ ಸ್ರಾವ ಹೆಚ್ಚುವುದು, ಗರ್ಭಕೋಶದಲ್ಲಿ ಫೈಬ್ರಾಯ್ಡ್ ಎಂಬ ಗಡ್ಡೆಗಳಿರುವುದು ಅಪರೂಪವಲ್ಲವಾದ್ದರಿಂದ, ಗಂಟೆಗೊಮ್ಮೆ ಪ್ಯಾಡ್ ಬದಲಿಸಬೇಕಾದ ಅಥವಾ ಏಳು ದಿನಕ್ಕಿಂತ ಹೆಚ್ಚು ನಡೆಯುವ ಮುಟ್ಟು ಇದ್ದರೆ ಸ್ತ್ರೀರೋಗ ತಜ್ಞರ ತಪಾಸಣೆಯೂ ಅದರ ಜೊತೆಗೇ ಆಗಬೇಕು. ಸೋರಿಕೆ ನಿಲ್ಲದೆ ಮಾತ್ರೆಯಿಂದ ದಾಸ್ತಾನು ತುಂಬುವುದಿಲ್ಲ. ಕಬ್ಬಿಣದ ಮಾತ್ರೆಯನ್ನು ದಿನಕ್ಕೆರಡು ನುಂಗುವ ಹಳೆಯ ಪದ್ಧತಿಗಿಂತ, ಒಂದು ದಿನ ಬಿಟ್ಟು ಒಂದು ದಿನ ಒಂದೇ ಮಾತ್ರೆ ಸೇವಿಸಿದರೆ ಕರುಳು ಪ್ರತಿ ಮಾತ್ರೆಯಿಂದ ಹೆಚ್ಚಿನ ಪಾಲನ್ನು ಹೀರಿಕೊಳ್ಳುತ್ತದೆ ಎಂದು ಕಂಡುಬಂದಿದೆ. ಒಂದು ಮಾತ್ರೆಯ ನಂತರ ಯಕೃತ್ತಿನಿಂದ ಹೊರಡುವ ಹೆಪ್ಸಿಡಿನ್ ಎಂಬ ಹಾರ್ಮೋನು ಸುಮಾರು ಒಂದು ದಿನದವರೆಗೆ ಕಬ್ಬಿಣದ ಹೀರಿಕೆಯನ್ನು ತಡೆಹಿಡಿಯುವುದೇ ಇದಕ್ಕೆ ಕಾರಣ. ಮಾತ್ರೆಯ ಹಿಂದುಮುಂದಿನ ಒಂದೆರಡು ಗಂಟೆ ಕಾಫಿ, ಟೀ ಕೂಡದು, ನಿಂಬೆಹಣ್ಣಿನ ಪಾನಕವಾದರೆ ಒಳ್ಳೆಯದು. ಮಲ ಕಪ್ಪಾಗುವುದಕ್ಕೆ ಗಾಬರಿಯಾಗಬೇಕಿಲ್ಲ. ಹಿಮೋಗ್ಲೋಬಿನ್ ಸರಿಯಾದ ಮೇಲೂ ಸುಮಾರು ಮೂರು ತಿಂಗಳು ಮುಂದುವರಿಸುವುದು ಅಗತ್ಯ, ಏಕೆಂದರೆ ದಾಸ್ತಾನು ತುಂಬುವುದು ಕೊನೆಯಲ್ಲಿ.

ಎರಡನೆಯ ಸುಳಿವು ಗ್ಯಾಸ್ ಮಾತ್ರೆ. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್‌ನಂಥ ಆಮ್ಲನಿರೋಧಕಗಳು ವರ್ಷಗಟ್ಟಲೆ ನಡೆದರೆ ಆಹಾರದಲ್ಲಿನ ವಿಟಮಿನ್ ಬಿ12 ಬಿಡುಗಡೆಯಾಗುವುದು ಕುಗ್ಗುತ್ತದೆ. ಹಾಲು ಮೊಸರಿನ ಹೊರತು ಬಿ12ಕ್ಕೆ ಬೇರೆ ಮೂಲವೇ ಇಲ್ಲದ ಸಸ್ಯಾಹಾರಿಗಳಲ್ಲಿ ಈ ಕೊರತೆ ಬೇಗ ಕಾಣಿಸಿಕೊಳ್ಳುತ್ತದೆ, ಮಧುಮೇಹಕ್ಕೆ ಮೆಟ್‌ಫಾರ್ಮಿನ್ ಸೇವಿಸುವವರಲ್ಲಿ ಇನ್ನೂ ಬೇಗ. ಪಾದಗಳಲ್ಲಿ ಜುಮ್ಮೆನ್ನುವುದು, ಮರೆವು, ನಾಲಿಗೆ ಉರಿ ಇದರ ಗುರುತುಗಳು. ಬಿ12 ನೋಡದೆ ಫೋಲಿಕ್ ಆಮ್ಲವನ್ನಷ್ಟೇ ಕೊಟ್ಟರೆ ರಕ್ತಹೀನತೆ ಸುಧಾರಿಸಿದಂತೆ ಕಂಡರೂ ನರಗಳ ಹಾನಿ ಒಳಗೊಳಗೇ ಮುಂದುವರಿಯುವ ಅಪಾಯವಿದೆ.

ಥೈರಾಯ್ಡ್ ವರದಿ ನಾರ್ಮಲ್ ಇದ್ದರೆ ಅದನ್ನು ನಂಬಬಹುದು, ಒಂದು ಅಪವಾದದೊಂದಿಗೆ: ಕೂದಲು ಉದುರುವುದಕ್ಕೆಂದು ಹೆಚ್ಚಿನ ಪ್ರಮಾಣದ ಬಯೋಟಿನ್ ಮಾತ್ರೆ ಸೇವಿಸುತ್ತಿರುವವರಲ್ಲಿ ಕೆಲವು ಪ್ರಯೋಗಾಲಯ ವಿಧಾನಗಳು ತಪ್ಪು ಅಂಕಿ ತೋರಿಸುತ್ತವೆ, ಹಾಗಾಗಿ ರಕ್ತ ಕೊಡುವ ಎರಡು ದಿನ ಮೊದಲೇ ಅದನ್ನು ನಿಲ್ಲಿಸುವುದು ಕ್ಷೇಮ. ಏಳು ಗಂಟೆಯ ನಿದ್ದೆಯೂ ತಣಿಸದಿದ್ದರೆ ಸ್ಲೀಪ್ ಅಪ್ನಿಯಾ ಎಂಬ, ನಿದ್ದೆಯಲ್ಲಿ ಉಸಿರು ಮತ್ತೆ ಮತ್ತೆ ಕಟ್ಟಿ ಬಿಡುವ ತೊಂದರೆಯ ಅನುಮಾನ ಬರಬೇಕು. ಗಂಡಸರಲ್ಲಿ ಗೊರಕೆಯಿಂದ ಬಯಲಾಗುವ ಈ ಕಾಯಿಲೆ ಹೆಂಗಸರಲ್ಲಿ ಎಷ್ಟೋ ಸಲ ಸುಸ್ತು ಮತ್ತು ಬೆಳಗಿನ ತಲೆನೋವಿನ ವೇಷದಲ್ಲಷ್ಟೇ ಬರುತ್ತದೆ. ಸಂಜೆಯ ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಎರಡು ವಾರ ಮೀರಿದ ಕೆಮ್ಮು, ನಡೆದರೆ ಏದುಸಿರು ಇವುಗಳಲ್ಲಿ ಒಂದಿದ್ದರೂ ಒತ್ತಡದ ಮಾತನ್ನು ಬದಿಗಿಟ್ಟು ತಡಮಾಡದೆ ತಪಾಸಣೆಗೆ ಹೋಗಬೇಕು.

ಇಷ್ಟಾದ ಮೇಲೂ ಒತ್ತಡದ ಪಾಲು ಸಣ್ಣದೇನಲ್ಲ. ಹಾನ್ಸ್ ಸೆಲ್ಯೆ 1936ರಲ್ಲಿ ಇಲಿಗಳ ಮೇಲಿನ ಪ್ರಯೋಗಗಳಿಂದ ತೋರಿಸಿದಂತೆ, ಪೆಟ್ಟು ಯಾವುದೇ ಇರಲಿ, ದೇಹ ಮೊದಲು ಎಚ್ಚೆತ್ತು, ನಂತರ ತಾಳಿಕೊಂಡು, ಪೆಟ್ಟು ನಿಲ್ಲದಿದ್ದರೆ ಕೊನೆಗೆ ಬಳಲುತ್ತದೆ. ಮಿದುಳಿನ ಹೈಪೊಥಲಾಮಸ್ ಪಿಟ್ಯುಟರಿ ಗ್ರಂಥಿಗೂ, ಅದು ಮೂತ್ರಪಿಂಡಗಳ ಮೇಲೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳಿಗೂ ಸಂದೇಶ ಕಳಿಸಿ ಕಾರ್ಟಿಸಾಲ್ ಎಂಬ ಹಾರ್ಮೋನನ್ನು ಹೊರಡಿಸುತ್ತದೆ. ಬೆಳಿಗ್ಗೆ ಏರಿ ನಡುರಾತ್ರಿಗೆ ಇಳಿಯಬೇಕಾದ ಇದರ ಲಯವನ್ನು ತಡರಾತ್ರಿಯವರೆಗೂ ಮುಗಿಯದ ಕೆಲಸ ಮತ್ತು ಕೆಟ್ಟ ನಿದ್ದೆ ಏರುಪೇರು ಮಾಡುತ್ತವೆ. ಹೀಗೆ ಸದಾ ಸಜ್ಜಾಗಿರುವುದಕ್ಕೆ ದೇಹ ತೆರುವ ಬೆಲೆಯನ್ನು ಬ್ರೂಸ್ ಮೆಕ್‌ಯುವೆನ್ 1993ರಲ್ಲಿ ಅಲೊಸ್ಟಾಟಿಕ್ ಹೊರೆ ಎಂದು ಕರೆದರು. ರಕ್ತದೊತ್ತಡ, ಸೊಂಟದ ಸುತ್ತಳತೆ, ಸಕ್ಕರೆ ಇವೆಲ್ಲ ನಾರ್ಮಲ್ ಗೆರೆಯೊಳಗೇ ಇದ್ದುಕೊಂಡು ವರ್ಷದಿಂದ ವರ್ಷಕ್ಕೆ ಮೇಲಕ್ಕೆ ಸರಿಯುವುದರಲ್ಲಿ ಈ ಹೊರೆ ಕಾಣಿಸುತ್ತದೆ. ಹಳೆಯ ವರದಿಗಳನ್ನು ಪಕ್ಕದಲ್ಲಿಟ್ಟು ನೋಡದ ಹೊರತು ಗೊತ್ತಾಗುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಅಂಗೀಕಾರವಾದ ತನ್ನ ರೋಗ ವರ್ಗೀಕರಣದಲ್ಲಿ ಬರ್ನ್‌ಔಟ್ ಅನ್ನು ಕಾಯಿಲೆಯಾಗಿ ಸೇರಿಸದೆ, ಸಂಭಾಳಿಸಲಾಗದ ಕೆಲಸದ ಒತ್ತಡದಿಂದ ಹುಟ್ಟುವ ಔದ್ಯೋಗಿಕ ಸ್ಥಿತಿಯೆಂದು ವಿವರಿಸಿದೆ: ಶಕ್ತಿ ಬತ್ತುವುದು, ಕೆಲಸದ ಬಗ್ಗೆ ಜಿಗುಪ್ಸೆ ಅಥವಾ ದೂರಭಾವ, ಕೈಲಾಗುತ್ತಿಲ್ಲವೆಂಬ ಭಾವನೆ. ಇದಕ್ಕೂ ಖಿನ್ನತೆಗೂ ಇರುವ ವ್ಯತ್ಯಾಸ ಚಿಕಿತ್ಸೆಯ ದೃಷ್ಟಿಯಿಂದ ಮುಖ್ಯ. ಬರ್ನ್‌ಔಟ್ ಆದವರಿಗೆ ಕಚೇರಿ ಬೇಡವಾದರೂ ಮಗಳ ಶಾಲೆಯ ನಾಟಕ, ಗೆಳತಿಯ ಮನೆಯ ಊಟ ಇನ್ನೂ ಹಿತವೆನಿಸುತ್ತವೆ. ಖಿನ್ನತೆಯಲ್ಲಿ ಇವೂ ರುಚಿ ಕಳೆದುಕೊಳ್ಳುತ್ತವೆ. ಎರಡು ವಾರಕ್ಕೂ ಮೀರಿ ಯಾವುದರಲ್ಲೂ ಆಸಕ್ತಿಯಿಲ್ಲದಿದ್ದರೆ, ಬದುಕು ಸಾಕೆನಿಸುತ್ತಿದ್ದರೆ ಮನೋವೈದ್ಯರನ್ನು ಕಾಣಬೇಕು. 14416 ಸಂಖ್ಯೆಯ ಟೆಲಿ-ಮಾನಸ್ ಸಹಾಯವಾಣಿಯಲ್ಲಿ ಕನ್ನಡದಲ್ಲೇ, ಉಚಿತವಾಗಿ ಮಾತಾಡಬಹುದು.

ಟೆನ್ಷನ್ ಕಡಿಮೆ ಮಾಡಿಕೊಳ್ಳಬೇಕೆಂಬ ಸಲಹೆಯ ದೋಷವೆಂದರೆ, ಅದು ಕೆಲಸದ ರಚನೆಯಲ್ಲಿರುವ ಸಮಸ್ಯೆಯನ್ನು ಕೆಲಸ ಮಾಡುವವರ ಸ್ವಭಾವಕ್ಕೆ ಅಂಟಿಸುತ್ತದೆ. ರಾಬರ್ಟ್ ಕರಾಸೆಕ್ 1979ರಲ್ಲಿ ಮಂಡಿಸಿದ ವಿಶ್ಲೇಷಣೆಯಂತೆ ಹೆಚ್ಚು ಕೆಲಸವೊಂದೇ ಆರೋಗ್ಯವನ್ನು ಕೆಡಿಸುವುದಿಲ್ಲ. ಬೇಡಿಕೆ ಹೆಚ್ಚಿದ್ದು ನಿರ್ಧಾರದ ಅಧಿಕಾರ ಕಡಿಮೆಯಿದ್ದಾಗ ಅಪಾಯ ಹೆಚ್ಚು. ಟಾರ್ಗೆಟ್ ನಿಗದಿ ಮಾಡುವುದು ಮೇಲಿನ ಕಚೇರಿ, ಸಿಬ್ಬಂದಿ ಕೊಡುವುದೂ ಅದೇ, ಕಟ್ಟದ ಸಾಲಕ್ಕೆ ಉತ್ತರ ಹೇಳುವುದು ಮಾತ್ರ ಶಾಖೆಯ ವ್ಯವಸ್ಥಾಪಕರು ಎಂಬ ಏರ್ಪಾಡು ಈ ವಿವರಣೆಗೆ ಅಕ್ಷರಶಃ ಹೊಂದುತ್ತದೆ. ವಾರಕ್ಕೆ 55 ಗಂಟೆ ಅಥವಾ ಹೆಚ್ಚು ದುಡಿಯುವವರಲ್ಲಿ, 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಸಂಭವ ಸುಮಾರು ಶೇ 35ರಷ್ಟು ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2021ರಲ್ಲಿ ಪ್ರಕಟಿಸಿದವು.

ಆದ್ದರಿಂದ ಪ್ರಾಣಾಯಾಮ, ನಡಿಗೆ ಇವುಗಳ ಉಪಯೋಗ ನಿಜವೇ ಆದರೂ, ದಿನದ ಯಾವ ಹೊತ್ತು ತಮ್ಮ ಕೈಯಲ್ಲಿದೆ ಎಂಬುದನ್ನು ಗುರುತಿಸಿ ಅದನ್ನು ಕಾಯ್ದುಕೊಳ್ಳುವುದು ಹೆಚ್ಚು ಫಲಕಾರಿ: ಒಂದೂವರೆಗೆ ಊಟ, ಅದು ತಪ್ಪದಿದ್ದರೆ ಗ್ಯಾಸ್ ಮಾತ್ರೆಯನ್ನು ವೈದ್ಯರ ಸಲಹೆಯಂತೆ ನಿಧಾನವಾಗಿ ಬಿಡಬಹುದು; ಮಧ್ಯಾಹ್ನ ಎರಡರ ನಂತರ ಕಾಫಿ ಬೇಡ, ಏಕೆಂದರೆ ಕುಡಿದ ಕೆಫೀನಿನ ಅರ್ಧದಷ್ಟು ಐದಾರು ಗಂಟೆಯ ಮೇಲೂ ರಕ್ತದಲ್ಲಿರುತ್ತದೆ; ವಿಡಿಯೊ ಕಾನ್ಫರೆನ್ಸ್ ತಪ್ಪಿಸಲಾಗದಿದ್ದರೆ ಅದು ಮುಗಿದ ಮೇಲೆ ಕಚೇರಿಯ ವಾಟ್ಸ್‌ಆ್ಯಪ್ ಗುಂಪನ್ನು ಬೆಳಗಿನವರೆಗೆ ಮ್ಯೂಟ್ ಮಾಡುವುದು. ಕೆಲಸ ಬಿಡುವ ನಿರ್ಧಾರವನ್ನು ಕಬ್ಬಿಣದ ದಾಸ್ತಾನು ಖಾಲಿಯಿರುವಾಗ ತೆಗೆದುಕೊಳ್ಳುವುದು ಸರಿಯಲ್ಲ. ಮೂರು ತಿಂಗಳ ಚಿಕಿತ್ಸೆಯ ನಂತರ ಹತ್ತು ದಿನದ ರಜೆ ಹಾಕಿದಾಗ ಸುಸ್ತು ಪೂರಾ ಕರಗಿ, ಕೆಲಸಕ್ಕೆ ಮರಳಿದ ವಾರದೊಳಗೆ ಹಿಂದಿರುಗಿದರೆ, ಆಗ ಶಾಖೆಯ ಹೊಣೆ ಬಿಟ್ಟು ಆಡಳಿತ ಕಚೇರಿಗೆ ವರ್ಗಾವಣೆ ಕೋರುವುದಕ್ಕೆ ವೈದ್ಯಕೀಯ ಆಧಾರವೂ ಇರುತ್ತದೆ.

ಪ್ರಶ್ನೆ: ಇಂಥ ಸುಸ್ತಿಗೆ 'ಅಡ್ರಿನಲ್ ಫಟೀಗ್', ಅಂದರೆ ಒತ್ತಡದಿಂದ ಅಡ್ರಿನಲ್ ಗ್ರಂಥಿ ದಣಿಯುವುದೇ ಕಾರಣವೆಂದು ಹೇಳಿ ಪುಡಿಗಳನ್ನು ಮಾರಲಾಗುತ್ತಿದೆ. ಇದರಲ್ಲಿ ಹುರುಳಿದೆಯೇ?

ಉತ್ತರ: ಇಲ್ಲ. 2016ರಲ್ಲಿ 58 ಅಧ್ಯಯನಗಳನ್ನು ಒಟ್ಟಾಗಿ ಪರಿಶೀಲಿಸಿದಾಗ ಇಂಥ ಕಾಯಿಲೆಗೆ ಆಧಾರ ಸಿಗಲಿಲ್ಲ. ಹಾರ್ಮೋನು ತಜ್ಞರ ಸಂಘಗಳೂ ಇದನ್ನು ಒಪ್ಪಿಲ್ಲ. ಅಡ್ರಿನಲ್ ಗ್ರಂಥಿ ನಿಜಕ್ಕೂ ವಿಫಲವಾಗುವುದುಂಟು. ಥಾಮಸ್ ಅಡಿಸನ್ 1855ರಲ್ಲಿ ವಿವರಿಸಿದ, ಭಾರತದಲ್ಲಿ ಕ್ಷಯವೂ ಒಂದು ಕಾರಣವಾಗಿರುವ ಈ ಅಪರೂಪದ ಕಾಯಿಲೆಯಲ್ಲಿ ತೂಕ ಇಳಿದು, ರಕ್ತದೊತ್ತಡ ಕುಸಿದು, ಅಂಗೈ ಗೆರೆಗಳೂ ಒಸಡೂ ಕಪ್ಪಾಗುತ್ತವೆ, ಉಪ್ಪು ತಿನ್ನಬೇಕೆನಿಸುತ್ತದೆ; ಬೆಳಗಿನ ಕಾರ್ಟಿಸಾಲ್ ಪರೀಕ್ಷೆ ಸಾರ್ಥಕವಾಗುವುದು ಇಂಥವರಲ್ಲಿ. ಲೇಬಲ್ಲಿಲ್ಲದ 'ಶಕ್ತಿ'ಪುಡಿಗಳಲ್ಲಿ ಸ್ಟಿರಾಯ್ಡ್ ಬೆರೆತಿರುವ ಅಪಾಯವುಂಟು. ಹಾಗಿದ್ದಲ್ಲಿ ವಾರದಲ್ಲೇ ಲವಲವಿಕೆ ಬರುತ್ತದೆ, ತಿಂಗಳುಗಟ್ಟಲೆ ತಿಂದು ಥಟ್ಟನೆ ನಿಲ್ಲಿಸಿದರೆ ಗ್ರಂಥಿ ನಿಜವಾಗಿಯೇ ಕೈಕೊಡಬಹುದು. ಅಶ್ವಗಂಧವೂ ಕೆಲವರಲ್ಲಿ ಯಕೃತ್ತಿನ ತೊಂದರೆ ತಂದ ವರದಿಗಳಿವೆ, ಥೈರಾಯ್ಡ್ ಔಷಧ ಸೇವಿಸುವವರು ವೈದ್ಯರನ್ನು ಕೇಳದೆ ಬಳಸಬಾರದು.

ಪ್ರಶ್ನೆ: ಸಾಫ್ಟ್‌ವೇರ್ ಉದ್ಯೋಗದಲ್ಲಿರುವ 29 ವರ್ಷದ ಯುವಕನಿಗೆ ಡೆಂಗಿ ಬಂದು ಹೋಗಿ ಏಳು ತಿಂಗಳಾದರೂ ಸುಸ್ತು ಹೋಗಿಲ್ಲ. ಮೈ ಬಗ್ಗಿಸಿದರೆ ಸರಿಹೋಗುತ್ತದೆ ಎಂದು ಮನೆಯವರು ಜಿಮ್‌ಗೆ ಸೇರಿಸಿದರು. ಹೋದ ಮರುದಿನವೇ ಎರಡು ದಿನ ಹಾಸಿಗೆ ಹಿಡಿಯಬೇಕಾಯಿತು.

ಉತ್ತರ: ಮರುದಿನ ಹಾಸಿಗೆ ಹಿಡಿಸಿದ ಆ ಕುಸಿತವೇ ಇಲ್ಲಿ ರೋಗನಿರ್ಣಯದ ಕೀಲಿ. ಬರ್ನ್‌ಔಟ್ ಅಥವಾ ಖಿನ್ನತೆಯ ಸುಸ್ತಿಗೆ ಅರ್ಧ ಗಂಟೆಯ ನಡಿಗೆ ಹಿತ ಮಾಡುತ್ತದೆ. ಸೋಂಕಿನ ನಂತರ ಉಳಿಯುವ ಕೆಲವು ಸುಸ್ತುಗಳಲ್ಲಿ ಮಾತ್ರ ಶ್ರಮದ ಮರುದಿನವೋ ಅದರ ಮರುದಿನವೋ ಕುಸಿತ ಬಂದು ದಿನಗಟ್ಟಲೆ ಉಳಿಯುತ್ತದೆ. ಅಮೆರಿಕದ ವೈದ್ಯಕೀಯ ಸಂಸ್ಥೆ 2015ರಲ್ಲಿ ನಿಗದಿ ಮಾಡಿದ ಮಾನದಂಡದಂತೆ, ಆರು ತಿಂಗಳು ಮೀರಿದ ಬಳಲಿಕೆಯಿಂದ ಮೊದಲಿನ ಚಟುವಟಿಕೆ ಅಸಾಧ್ಯವಾಗುವುದು, ಶ್ರಮೋತ್ತರ ಕುಸಿತ, ತಣಿಸದ ನಿದ್ದೆ ಈ ಮೂರರೊಂದಿಗೆ ಮಬ್ಬುಬುದ್ಧಿ ಅಥವಾ ನಿಂತಾಗ ಹೆಚ್ಚುವ ತೊಂದರೆ ಇವುಗಳಲ್ಲೊಂದು ಸೇರಿದರೆ ಅದು ದೀರ್ಘಕಾಲೀನ ಬಳಲಿಕೆಯ ರೋಗ. ಇಂಥವರಿಗೆ ವ್ಯಾಯಾಮವನ್ನು ಹಂತಹಂತವಾಗಿ ಏರಿಸುವ ಚಿಕಿತ್ಸೆಯನ್ನು ಬ್ರಿಟನ್ನಿನ ನೈಸ್ ಸಂಸ್ಥೆ 2021ರ ತನ್ನ ಮಾರ್ಗಸೂಚಿಯಿಂದ ಕೈಬಿಟ್ಟಿದೆ. ಸೋಮಾರಿತನದ ಆರೋಪವನ್ನು ಮನೆಯವರೂ ಕೈಬಿಡುವುದು ಒಳಿತು.

ರಕ್ತಹೀನತೆ, ಥೈರಾಯ್ಡ್ ಮೊದಲಾದವುಗಳನ್ನು ಇಲ್ಲಿಯೂ ಮೊದಲು ಪರೀಕ್ಷಿಸಬೇಕು. ಜೊತೆಗೆ ಹತ್ತು ನಿಮಿಷ ಮಲಗಿಸಿ ನಾಡಿ ಮತ್ತು ರಕ್ತದೊತ್ತಡ ನೋಡಿ, ಮುಂದಿನ ಹತ್ತು ನಿಮಿಷ ನಿಲ್ಲಿಸಿ ಮತ್ತೆ ನೋಡುವ, ಯಾವ ಉಪಕರಣದ ಖರ್ಚೂ ಇಲ್ಲದ ಪರೀಕ್ಷೆ ಅಗತ್ಯ. ರಕ್ತದೊತ್ತಡ ಇಳಿಯದೆ ನಾಡಿ ನಿಮಿಷಕ್ಕೆ 30ಕ್ಕಿಂತ ಹೆಚ್ಚು ಏರಿ ಹಾಗೆಯೇ ನಿಂತರೆ ಅದಕ್ಕೆ ಬೇರೆಯೇ ಚಿಕಿತ್ಸೆಯಿದೆ. ಕುಸಿತ ತರದ ಮಿತಿ ಯಾವುದೆಂದು ತಿಳಿಯಲು ಎರಡು ವಾರ ದಿನಚರಿ ಬರೆದಿಟ್ಟು, ಆ ಮಿತಿಯೊಳಗೆ ಕೆಲಸವನ್ನು ತುಂಡುತುಂಡಾಗಿ ಹಂಚಿಕೊಂಡು, ನಡುನಡುವೆ ಮಲಗಿ ವಿಶ್ರಮಿಸುವುದು ಸದ್ಯದ ಮುಖ್ಯ ಚಿಕಿತ್ಸೆ. ಕಚೇರಿಗೆ ಕೊಡುವ ವೈದ್ಯಕೀಯ ಪತ್ರದಲ್ಲಿ 'ವಿಶ್ರಾಂತಿ ಬೇಕು' ಎಂಬ ಸಾಮಾನ್ಯ ಮಾತಿನ ಬದಲು ದಿನಕ್ಕೆ ಎಷ್ಟು ಗಂಟೆ, ಮನೆಯಿಂದಲೋ ಕಚೇರಿಯಿಂದಲೋ, ಎಷ್ಟು ವಾರಗಳ ನಂತರ ಮರುಪರಿಶೀಲನೆ ಎಂದು ನಿಖರವಾಗಿ ಬರೆಸಿಕೊಂಡರೆ ಅದನ್ನು ಪಾಲಿಸುವುದು ಕಚೇರಿಗೂ ಸುಲಭ.